ಮೂವತ್ತೇಳನೇ ನಂಬರು

ನಮ್ಮೂರಿನ ಸಾಂಕ್ರಾಮಿಕ ರೋಗದ ಆಸ್ಪತ್ರೆಗೆ ಸೇರಿದ ಮಗುವಿಗೆ ಹೆಸರಿರುವುದಿಲ್ಲ, ನಂಬರಿರುತ್ತದೆ. ತಾಯಿಯೂ ಒಳಗೆ ಹೋಗುವಂತಿಲ್ಲ. ಸಂಜೆ ಪೇಪರಿನಲ್ಲಿ, ಕುದುರೆ ರೇಸಿನ ಫಲಿತಾಂಶದ ಪಕ್ಕದಲ್ಲೇ ಅಚ್ಚಾಗುತ್ತದೆ: ಇಂಥ ನಂಬರು ಚಿಂತಾಜನಕ, ಇಂಥದ್ದು ಚೇತರಿಕೆ. ಗಂಟಲಮಾರಿ ಬಂದ ವಿನಿ ಮೂವತ್ತೇಳು. ನನ್ನ ನಾದಿನಿ ಎಟ್ಟಿಯ ಒಬ್ಬಳೇ ಮಗಳು, ಏಳು ವರ್ಷ.

ವಿನಿಯನ್ನು ಒಯ್ದ ದಿನವೇ ನೈರ್ಮಲ್ಯಾಧಿಕಾರಿ ಕ್ಲೆಗ್ ಸಾಹೇಬರು ಎಟ್ಟಿಯ ಮನೆಯಲ್ಲಿ ಗಂಧಕದ ಹೊಗೆ ಹಾಕಿ, ಬಾಗಿಲ ಸಂದಿಗೆಲ್ಲ ಕಾಗದ ಅಂಟಿಸಿ ಮೊಹರು ಒತ್ತಿದರು. ಬೇರೆ ಯಾರು ತೆರೆದರೂ ದಂಡ. ಮರುದಿನ ಅವರೇ ತೆರೆಯಬೇಕಿತ್ತು. ಆದರೆ ಅದು ಗಿರಣಿಗಳ ರಜಾ ವಾರ; ಊರಿಗೆ ಊರೇ ಬ್ಲ್ಯಾಕ್‌ಪೂಲಿನ ಕಡಲಿಗೆ ಹೊರಟಿತ್ತು, ಕ್ಲೆಗ್ಗೂ ಹೊರಟರು. ರೋಗಕ್ಕೆ ರಜೆಯಿಲ್ಲ, ಆರೋಗ್ಯ ಇಲಾಖೆಗಿದೆ. ವಿಧವೆ ಎಟ್ಟಿ ಊರಾಚೆಯ ನಮ್ಮ ಮನೆಗೆ ಬಂದಳು.

ಸೋಮವಾರ, ಮಂಗಳವಾರ ಚಿಂತಾಜನಕ. ಬುಧವಾರ ನಂಬರೇ ಇಲ್ಲ.

"ಅಚ್ಚಿನವನೂ ಕಡಲಿಗೆ ಹೋಗಿರ್ಬೇಕು ಬಿಡು," ಎಂದೆ.

ಗುರುವಾರ ನಂಬರು ಮರಳಿ ಬಂತು. ಶುಕ್ರವಾರ ಎಟ್ಟಿ ಬೀದಿಯಿಂದಲೇ ಕೂಗಿದಳು.

"ಭಾವ! ಚೇತರಿಕೆಯಂತೆ! ನೀವೇ ಓದಿ, ನನ್ ಕಣ್ಣು ನಾನೇ ನಂಬಲ್ಲ."

"ನಿನ್ ಮಗಳಲ್ವೇನೇ? ಸಾವು ಅವಳ ಹತ್ರ ವಾದ ಮಾಡಿ ಸೋತಿರತ್ತೆ."

ಎಟ್ಟಿ ನಕ್ಕಳು. ಅಂದು ಎರಡು ಆಲೂಗಡ್ಡೆ ತಿಂದಳು. ನನ್ನ ಆ ಮಾತನ್ನು ಮಾತ್ರ ನಾನಿನ್ನೂ ಮರೆತಿಲ್ಲ.

ಶನಿವಾರ ಕ್ಲೆಗ್ ಬಿಸಿಲಿಗೆ ಸುಲಿದ ಮೂಗಿನೊಂದಿಗೆ ಎಟ್ಟಿಯ ಮನೆ ಬಾಗಿಲಿಗೆ ಬಂದರು; ನಾವಿಬ್ಬರೂ ಅಲ್ಲಿದ್ದೆವು.

"ನಮ್ ಹೊಗೆಗೆ ಒಂದು ತಿಗಣೆನೂ ಉಳಿಯಲ್ಲ ಕಣಮ್ಮ," ಎನ್ನುತ್ತ ಮೊಹರು ಒಡೆದರು.

ಒಳಗೆ ಕಾಲೊರಸಿನ ಮೇಲೆ ಆಸ್ಪತ್ರೆಯ ಪತ್ರ ಬಿದ್ದಿತ್ತು. ಬುಧವಾರ ಪೊಲೀಸಿನವನು ಬಾಗಿಲಲ್ಲಿ ಪತ್ರ ಹಾಕುವ ಕಂಡಿಗೆ ಅಂಟಿಸಿದ್ದ ಕಾಗದ ಹರಿದು ಒಳಗೆ ತಳ್ಳಿದ್ದ. ಎಟ್ಟಿ ಎಲ್ಲೆಂದು ಅವನು ವಿಚಾರಿಸೋಣವೆಂದರೆ ಅಂದು ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ಪತ್ರ ವಿಳಾಸಕ್ಕೆ ತಲುಪಿತ್ತು, ತಾಯಿಗಲ್ಲ. ಅದರಲ್ಲಿತ್ತು: ವಿನಿ ಮಂಗಳವಾರ ತೀರಿಕೊಂಡಿದ್ದಾಳೆ. ಗುರುವಾರದೊಳಗೆ ಮನೆಯವರು ಬಾರದಿದ್ದರೆ ಪುರಸಭೆಯೇ ಹೂಳುತ್ತದೆ.

"ನಿನ್ನೆ ಚೇತರಿಕೆ ಅಂತಿತ್ತಲ್ಲ ಸಾಹೇಬ್ರೆ?" ಎಂದಳು ಎಟ್ಟಿ.

"ನಂಬರು ಹಾಸಿಗೇದಮ್ಮ," ಎಂದರು ಕ್ಲೆಗ್, ಟೋಪಿ ತೆಗೆದು. "ಹಾಸಿಗೆ ಖಾಲಿ ಬಿಡಕ್ಕಾಗಲ್ಲ."

ಆ ಸಂಜೆಯೂ ಎಟ್ಟಿ ಪೇಪರು ತಂದಳು. ಬೆರಳಿಟ್ಟು ಹುಡುಕಿದಳು.

"ಮೂವತ್ತೇಳು ಚೆನ್ನಾಗಿದೆಯಂತೆ ಭಾವ," ಎಂದಳು. "ಯಾರ ಮಗುವೋ, ಪಾಪ. ಅವರಮ್ಮಂಗೆ ಗೊತ್ತಾಯ್ತೋ ಇಲ್ವೋ."