ಮೊದಲು ಸಿಕ್ಕ ವರದಿ

ಆ ಮಾತು ಆಡಿದ್ದು ನಾನೇ. "ಇನ್ನ ಮ್ಯಾಲೆ ಅವರವರ ತಪ್ಪು ಅವರವರ ಹೆಸರಿಗೆ ಇರ್ಲಿ!" ಜಮಖಂಡಿಯ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ, ಒಂದು ಶನಿವಾರ ಮಧ್ಯಾಹ್ನ, ಎಲ್ಲರಿಗೂ ಕೇಳುವ ಹಾಗೆ ಟೇಬಲ್ ಬಡಿದು ಹೇಳಿದ್ದೆ.

ಸಿಟ್ಟಿಗೆ ಕಾರಣವಿತ್ತು. ವರದಿ ತೆಗೆಯುವ ಕಂಪ್ಯೂಟರ್ ನಮ್ಮಲ್ಲಿದ್ದದ್ದು ಒಂದೇ. ಪುಕ್ಕಟೆ ಸಿಗುತ್ತದೆಂದು ಮಾಲೀಕರಾದ ಅಮಸಿದ್ದಪ್ಪ ಸರ್ ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದ್ದರು. ಬಿಸಿಎ ಓದಿದವಳೆಂದು ಅದರ ಉಸಾಬರಿಯನ್ನೆಲ್ಲ ನನ್ನ ತಲೆಗೆ ಕಟ್ಟಿದ್ದರು. ನಾವು ನಾಲ್ಕು ಜನ ಕೆಲಸಗಾರರು, ನಾಲ್ವರೂ ಬಳಸುತ್ತಿದ್ದದ್ದು ನನ್ನ ಲಾಗಿನ್. ನನ್ನ ಪಾಸ್‌ವರ್ಡ್ ಚಹಾ ತರುವವನಿಗೂ ಗೊತ್ತಿತ್ತು. ನಮ್ಮಲ್ಲೇ ಕಿರಿಯವನಾದ ಮಲ್ಲಿನಾಥನಂತೂ ಕೀಬೋರ್ಡಿನ ಮೇಲೇ ಚುರಮುರಿ ತಿನ್ನುತ್ತಿದ್ದ, ಅರಿಶಿನದ ಬೆರಳು ಒರೆಸದೇ ಟೈಪ್ ಮಾಡುತ್ತಿದ್ದ. ಬೈದರೆ ಹಲ್ಲು ಕಿಸಿದು "ಅಕ್ಕಾರ, ನಿಮ್ಮ ಕೀಬೋರ್ಡಿಗೆ ಒಗ್ಗರಣಿ ಹಾಕೇನಿ" ಅನ್ನುತ್ತಿದ್ದ. ಆ ವಾರ ಯಾರೋ ತೇರದಾಳದವರ ವರದಿಯನ್ನು ಮುಧೋಳದವರ ಹೆಸರಿಗೆ ಕೊಟ್ಟುಬಿಟ್ಟರು. ಸರ್ ಕಾಗದ ಹಿಡಿದು ನನ್ನ ಹತ್ತಿರ ಬಂದರು. "ಸರಿತಾ, ತಗದವರು ಅಂತ ಇದರಾಗ ನಿನ್ನ ಹೆಸರ ಐತಲ್ಲ?"

ಸಿಟ್ಟು ನೆತ್ತಿಗೇರಿತು. ಅವತ್ತೇ ಉಳಿದ ಮೂವರಿಗೂ ಬೇರೆ ಬೇರೆ ಲಾಗಿನ್ ಮಾಡಿದೆ, ನನ್ನ ಪಾಸ್‌ವರ್ಡ್ ಬದಲಿಸಿದೆ. ಸೋಮವಾರ ತೇರದಾಳದಲ್ಲಿ ನಾದಿನಿಯ ನಿಶ್ಚಿತಾರ್ಥವಿತ್ತು. ರಜೆ ಹಾಕಿ, ಗೆದ್ದವಳಂತೆ ಬಸ್ಸು ಹತ್ತಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ರೋಗಿಯ ವರದಿ ನೋಡಲು varadi ಎಂದು ಟೈಪ್ ಮಾಡಿ ಅವರ ನಂಬರ್ ಹೊಡೆಯುತ್ತಿದ್ದೆವು. ಆ ಹೆಸರಿನ ಪ್ರೋಗ್ರಾಮ್ ಎಲ್ಲಿದೆಯೆಂದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಅದರ ಬಳಿ PATH ಎನ್ನುವ ಒಂದು ಪಟ್ಟಿ ಇರುತ್ತದೆ: ಮೊದಲು ಈ ಫೋಲ್ಡರಿನಲ್ಲಿ ಹುಡುಕು, ಇಲ್ಲದಿದ್ದರೆ ಮುಂದಿನದರಲ್ಲಿ ಹುಡುಕು ಎಂದು. ಹುಡುಕುತ್ತ ಹೋಗಿ, ಆ ಹೆಸರಿನದು ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ಓಡಿಸುತ್ತದೆ. ಬನಹಟ್ಟಿಯಲ್ಲಿ ಇಳಿದು ಮೊದಲ ಓಣಿಯಲ್ಲಿ ಸಿಕ್ಕ ಮಲ್ಲಪ್ಪನ ಕೈಗೇ ಲಗ್ನಪತ್ರ ಕೊಟ್ಟು ಬಂದ ಹಾಗೆ. ನಿನಗೆ ಬೇಕಾದ ಮಲ್ಲಪ್ಪ ಇವನೇನಾ ಎಂದು ಅದು ಕೇಳುವುದಿಲ್ಲ.

ನಮ್ಮಲ್ಲಿ varadi ಎರಡಿದ್ದವು. ಹಳೆಯದಕ್ಕೆ ಒಂದು ಕೆಟ್ಟ ಚಾಳಿ. ಯಾವುದಾದರೂ ಅಂಕಿ ಖಾಲಿ ಕಂಡರೆ ಅದೇ ರೋಗಿಯ ಹಿಂದಿನ ಸಲದ ಅಂಕಿಯನ್ನು ತುಂಬಿ ತೋರಿಸುತ್ತಿತ್ತು. ಹೊಸ ಪರೀಕ್ಷಾ ಯಂತ್ರ ಬಂದ ಮೇಲೆ ಇದು ಅಪಾಯಕ್ಕೆ ತಿರುಗಿತು. ಅಂಕಿ ಮಿತಿ ಮೀರಿದರೆ ಆ ಯಂತ್ರ ಅದರ ಹಿಂದೆ ಒಂದು ಅಕ್ಷರ ಸೇರಿಸುತ್ತದೆ. ಅಕ್ಷರ ಕಂಡ ಕೂಡಲೇ ಹಳೆಯ ಪ್ರೋಗ್ರಾಮ್ ಅದನ್ನು ಖಾಲಿ ಎಂದು ತಿಳಿಯುತ್ತಿತ್ತು. ಅದಕ್ಕೆಂದೇ ನಾನು ಹೊಸ varadi ಬರೆದು ಬೇರೆ ಫೋಲ್ಡರಿನಲ್ಲಿ ಇಟ್ಟೆ, PATH ಪಟ್ಟಿಯಲ್ಲಿ ಆ ಫೋಲ್ಡರನ್ನು ಎಲ್ಲಕ್ಕಿಂತ ಮೊದಲು ಸೇರಿಸಿದೆ. ಹಳೆಯದು ಇರಲಿ, ಹೊಸದು ಕೈಕೊಟ್ಟರೆ ಬೇಕಾದೀತು ಎಂದು ಅಳಿಸಲಿಲ್ಲ.

ಆದರೆ ಪಟ್ಟಿ ತಿದ್ದಿದ್ದು ನನ್ನ ಲಾಗಿನ್ನಿನಲ್ಲಿ ಮಾತ್ರ. ಎಲ್ಲರೂ ನನ್ನ ಹೆಸರಿನಲ್ಲೇ ಕೂರುತ್ತಿದ್ದರಲ್ಲ, ಎಲ್ಲರಿಗೂ ಹೊಸದೇ ಸಿಗುತ್ತಿತ್ತು. ಒಂದು ವರ್ಷ ಸರಾಗವಾಗಿ ನಡೆಯಿತು. ಹೊಸ ಲಾಗಿನ್ನುಗಳಿಗೂ ಆ ಒಂದು ಸಾಲು ಹಾಕಬೇಕೆಂಬುದು, ಸಿಟ್ಟಿನ ಭರದಲ್ಲಿ, ನನಗೆ ಹೊಳೆಯಲೇ ಇಲ್ಲ.

ಸೋಮವಾರ ರಬಕವಿಯ ಶಂಕ್ರೆವ್ವ ಬಂದಿದ್ದಳು. ಗಂಡ ರಾಮಲಿಂಗಪ್ಪ ಕೈಮಗ್ಗದ ನೇಕಾರ, ಅವಳು ಅವನಿಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದವಳು. ಅವಳ ಕಿಡ್ನಿ ಹೋಗಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಜಮಖಂಡಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಬರುತ್ತಿದ್ದಳು. ಮೈದುನನ ಮನೆಯ ಮದುವೆಯೆಂದು ಒಂದು ಸಲ ತಪ್ಪಿಸಿದ್ದಳು. ಅವತ್ತು ಡಯಾಲಿಸಿಸ್ ಯಂತ್ರ ಖಾಲಿ ಇರಲಿಲ್ಲ, ಬುಧವಾರದವರೆಗೆ ತಡೆಯುತ್ತದೋ ಇಲ್ಲವೋ ನೋಡೋಣವೆಂದು ಅಲ್ಲಿನ ಡಾಕ್ಟರು ನಮ್ಮ ಲ್ಯಾಬಿಗೆ ರಕ್ತಪರೀಕ್ಷೆಗೆ ಕಳಿಸಿದರು. ಅಂಕಿಗಳನ್ನು ಪರದೆ ನೋಡಿ ಫೋನಿನಲ್ಲಿ ಓದಿ ಹೇಳುವುದು, ಕಾಗದವನ್ನು ಮರುದಿನ ಬೆಳಿಗ್ಗೆ ಒಟ್ಟಿಗೆ ತೆಗೆಯುವುದು ನಮ್ಮ ರೂಢಿ. ಮಲ್ಲಿನಾಥ ತನ್ನ ಹೊಸ ಲಾಗಿನ್ನಿನಲ್ಲಿ ಕೂತು ಓದಿದ: ಪೊಟ್ಯಾಸಿಯಂ ನಾಲ್ಕು ಪಾಯಿಂಟ್ ನಾಲ್ಕು. ಹಾಗಾದರೆ ಚಿಂತೆಯಿಲ್ಲ, ಬುಧವಾರ ಬರಲಿ ಎಂದರು ಡಾಕ್ಟರು. ಶಂಕ್ರೆವ್ವ ಮನೆಗೆ ಹೋದಳು. ಮಂಗಳವಾರ ಬೆಳಿಗ್ಗೆ ಕಂಡಿಕೆ ಸುತ್ತುತ್ತ ಕೂತಲ್ಲೇ ಹೊರಳಿದಳು. ಹೃದಯ ನಿಂತಿತ್ತು.

ಸುದ್ದಿ ಬರುವ ಹೊತ್ತಿಗೆ ನಾನು ನನ್ನ ಲಾಗಿನ್ನಿನಲ್ಲಿ ಕೂತು ಹಿಂದಿನ ದಿನದ ಕಾಗದಗಳನ್ನು ತೆಗೆಯುತ್ತಿದ್ದೆ. ಅವಳದೂ ಅದರಲ್ಲಿತ್ತು. ಪೊಟ್ಯಾಸಿಯಂ ಏಳು ಪಾಯಿಂಟ್ ಒಂದು. ಅಷ್ಟು ಏರಿದರೆ ಹೃದಯವೇ ನಿಲ್ಲಬಹುದು, ಆ ಅಂಕಿಗೆ ಯಾರನ್ನೂ ಮನೆಗೆ ಕಳಿಸುವುದಿಲ್ಲ.

"ನಾಲ್ಕ ಪಾಯಿಂಟ್ ನಾಲ್ಕ ಇತ್ರಿ ಅಕ್ಕಾರ. ಖರೇನ, ನಾ ಕಣ್ಣಾರೆ ನೋಡೇನಿ" ಎಂದ ಮಲ್ಲಿನಾಥ.

ಅವನನ್ನು ಸ್ಯಾಂಪಲ್ ಕೋಣೆಗೆ ಕಳಿಸಿ ಅವನ ಲಾಗಿನ್ ತೆರೆದೆ. which varadi ಎಂದು ಕೇಳಿದೆ. ಯಾವ ಜಾಗದ ಪ್ರೋಗ್ರಾಮ್ ಓಡುತ್ತದೆ ಎಂದು ಹೇಳುವ ಆಜ್ಞೆ ಅದು. ಉತ್ತರ ಒಂದೇ ಸಾಲು: /usr/local/bin/varadi. ಹಳೆಯದು. ಶಂಕ್ರೆವ್ವನ ನಂಬರ್ ಹೊಡೆದೆ. ನಾಲ್ಕು ಪಾಯಿಂಟ್ ನಾಲ್ಕು ಬಂತು. ಹಿಂದಿನ ತಿಂಗಳ ಅಂಕಿ.

ಹೊರಗೆ ಇನ್ನೂ ಹನ್ನೆರಡು ಜನರ ರಕ್ತ ಕಾಯುತ್ತಿತ್ತು, ಅದಕ್ಕೇ ಮೊದಲು ತಿದ್ದಿದೆ. ಹಳೆಯದನ್ನು ಅಳಿಸಿದೆ, ಎಲ್ಲರ PATH ಪಟ್ಟಿಗೂ ಹೊಸ ಫೋಲ್ಡರ್ ಸೇರಿಸಿದೆ. ಎರಡು ನಿಮಿಷದ ಕೆಲಸ. ಆ ಹನ್ನೆರಡು ಜನರಿಗಾಗಿ ಮಾಡಿದೆ ಎಂಬುದು ಸುಳ್ಳಲ್ಲ. ಅಳಿಸುವಾಗ ನನ್ನನ್ನೂ ನೆನೆಸಿಕೊಂಡಿದ್ದೆ ಎಂಬುದೂ ಸುಳ್ಳಲ್ಲ.

ಮಧ್ಯಾಹ್ನ ಅಮಸಿದ್ದಪ್ಪ ಸರ್ ಎಲ್ಲರನ್ನೂ ಕರೆದರು. ಪರೀಕ್ಷಾ ಯಂತ್ರದಲ್ಲಿ ಏಳು ಪಾಯಿಂಟ್ ಒಂದು, ಕಾಗದದಲ್ಲೂ ಅದೇ. ಮಲ್ಲಿನಾಥನನ್ನು ಅವನದೇ ಲಾಗಿನ್ನಿನಲ್ಲಿ ಕೂರಿಸಿದರು. "ತಗಿ, ನೀನ ತಗದು ತೋರಸು."

ಅವನು ಟೈಪ್ ಮಾಡಿದ. ಏಳು ಪಾಯಿಂಟ್ ಒಂದು. ಪರದೆಯನ್ನೇ ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ಏನಾದರೂ ಹೇಳುತ್ತೇನೆಂದು ಕಾಯುತ್ತಿದ್ದ. ನಾಲಿಗೆಯ ತುದಿಗೆ ಬಂದಿತ್ತು. ನಾನು ಕೈಯಲ್ಲಿದ್ದ ಕಾಗದಗಳನ್ನು ಜೋಡಿಸತೊಡಗಿದೆ.

"ನಂದ ತಪ್ಪರಿ ಸರ" ಎಂದ ಮಲ್ಲಿನಾಥ, ಮೆಲ್ಲಗೆ. "ಸರಿಯಾಗಿ ನೋಡಿಲ್ಲ ಕಾಣ್ತೇತಿ."

ತಪ್ಪು ಅವನ ಹೆಸರಿಗೆ ಬಿತ್ತು. ಕೆಲಸ ಹೋಯಿತು. ಅವನ ಮನೆ ರಾಮಲಿಂಗಪ್ಪನ ಓಣಿಯಲ್ಲೇ. ಶಂಕ್ರೆವ್ವನ ಮಣ್ಣು ಮುಗಿದ ಮೇಲೆ ಹೋಗಿ ಕಾಲು ಹಿಡಿದನಂತೆ. ರಾಮಲಿಂಗಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ನಮ್ಮ ಬಾಗಲಾ ಮುಂದ ಹಾಯಬ್ಯಾಡ" ಎಂದನಂತೆ, ಅಷ್ಟೇ.

ಐದು ತಿಂಗಳು ಕಳೆಯಿತು. ನಾದಿನಿಯ ಮದುವೆಗೆ ಸೀರೆ ಆರಿಸಲು ರಬಕವಿಗೆ ಹೋಗಿದ್ದೆವು. ಅಂಗಡಿಯವರು ನೇಯುವುದನ್ನೇ ನೋಡಿ ಎಂದು ತಮ್ಮ ಪವರ್‌ಲೂಮ್ ಶೆಡ್ಡಿಗೆ ಕರೆದೊಯ್ದರು. ಕಡಿದ ಎಳೆ ಹುಡುಕುತ್ತ ಮಗ್ಗದ ಮೇಲೆ ಬಾಗಿದ್ದವನು ಎದ್ದು ನಿಂತ. ಮಲ್ಲಿನಾಥ. ದಪ್ಪ ಚೌಕಟ್ಟಿನ ಕನ್ನಡಕ ಹಾಕಿದ್ದ.

"ಛಲೋ ಅದೀರೇನ್ರಿ ಅಕ್ಕಾರ?" ಎಂದ. ಹಲ್ಲು ಕಿಸಿಯಲಿಲ್ಲ.

ಅವನನ್ನು ಶೆಡ್ಡಿನ ಹೊರಗೆ ಕರೆದೆ. "ಇದ್ಯಾವಾಗಿಂದ ಚಾಳೀಸ?"

"ಅದು ಆದಮ್ಯಾಲ್ರಿ. ಕಣ್ಣಿನ ಡಾಕ್ಟರು ಕಣ್ಣ ಛಲೋ ಅದಾವ, ನಂಬರ್ ಬರೂದಿಲ್ಲ ಅಂದ್ರು. ನಾನ ಹಟಾ ಹಿಡದು ಸಾದಾ ಗಾಜ ಹಾಕಿಸ್ಕೊಂಡೇನಿ. ನನ್ನ ಕಣ್ಣಿನ ಮ್ಯಾಲೆ ನನಗ ನಂಬಕಿ ಇಲ್ರಿ ಈಗ. ಒಂದೊಂದ ಎಳೀನೂ ಎರಡ ಸಲ ಮುಟ್ಟಿ ನೋಡ್ತೇನಿ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಓಡಲೂ ಆಗಲಿಲ್ಲ. ಹೇಳಿದೆ. ಎರಡು ಪ್ರೋಗ್ರಾಮ್, ಒಂದೇ ಹೆಸರು, ನಾನು ಮರೆತ ಸಾಲು, ನಾನು ಅಳಿಸಿದ್ದು, ನಾನು ಸುಮ್ಮನಿದ್ದದ್ದು, ಎಲ್ಲ. "ನೀ ಓದಿದ್ದು ಖರೆ ಇತ್ತು ಮಲ್ಲಿನಾಥ. ನಿನಗ ಕಂಡದ್ದು ನಾಲ್ಕ ಪಾಯಿಂಟ್ ನಾಲ್ಕನ."

ಕನ್ನಡಕ ತೆಗೆದು ಮಡಿಚಿ ಕೈಯಲ್ಲಿ ಹಿಡಿದ. ಬೈದುಬಿಡಲಿ ಎಂದು ನಾನು ಕಾಯುತ್ತಿದ್ದೆ.

"ನನಗ ಹೇಳಿದ್ರಿ. ರಾಮಲಿಂಗಪ್ಪನವರಿಗೆ?" ಎಂದ. "ಮನಿ ಇಲ್ಲೇ ಐತಿ. ನಡೀರಿ."

ಸುತ್ತು ಹಾಕಿ ಕರೆದೊಯ್ದ. ದಿನಾ ಹೀಗೇ ಸುತ್ತಿ ಬರುತ್ತಾನಂತೆ, ಆ ಬಾಗಿಲು ತಪ್ಪಿಸಿ. ಓಣಿಯ ತಿರುವಿನಲ್ಲಿ ನಿಂತು "ಮೂರನೇದು" ಎಂದ. ಮುಂದೆ ಬರಲಿಲ್ಲ.

ರಾಮಲಿಂಗಪ್ಪ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಣಿಮಗ್ಗದಲ್ಲಿ ಕೂತಿದ್ದ. ನನ್ನನ್ನು ಕಂಡು ಲಾಳಿ ನಿಲ್ಲಿಸಿದ. "ಯಾರವ್ವಾ ನೀನು?"

ಮೂಲೆಯಲ್ಲಿ ರಾಟಿ ಇತ್ತು. ಅರ್ಧ ಸುತ್ತಿದ ಕಂಡಿಕೆ ಅದರಲ್ಲಿ ಹಾಗೇ ಇತ್ತು, ಧೂಳು ಹಿಡಿದಿತ್ತು. ಅದನ್ನು ನೋಡುತ್ತಲೇ ಎಲ್ಲ ಹೇಳಿದೆ. ಕಂಪ್ಯೂಟರಿನ ಮಾತು ಅವನಿಗೆ ಎಷ್ಟು ತಿಳಿಯಿತೋ ಕಾಣೆ. ಕೊನೆಗೆ ಒಂದೇ ಕೇಳಿದ.

"ಹಂಗಾರ ಆ ಹುಡುಗ ತಪ್ಪ ಓದಿದ್ದಿಲ್ಲ?"

"ಇಲ್ರಿ. ತಪ್ಪ ನಂದು."

ಕುಣಿಯಿಂದ ಕೈಯೂರಿ ಎದ್ದ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಹಾದು ಹೊರಗೆ ಹೋದ, ಬರಿಗಾಲಲ್ಲಿ. ಓಣಿಯ ತಿರುವಿನವರೆಗೆ ನಡೆದು ಮಲ್ಲಿನಾಥನ ರಟ್ಟೆ ಹಿಡಿದ. ಏನು ಹೇಳಿದನೋ ಕೇಳಿಸಲಿಲ್ಲ. ಆ ಹುಡುಗ ಮುಖ ಮುಚ್ಚಿಕೊಂಡು ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸಿ, ಐದು ತಿಂಗಳು ಅವನು ಹಾಯದಿದ್ದ ಬಾಗಿಲ ಮುಂದಿನಿಂದಲೇ ಕರೆತಂದು ಒಳಗೆ ಕೂರಿಸಿದ. ತಾನೇ ನೀರು ತಂದುಕೊಟ್ಟ.

ನಾನು ಇನ್ನೂ ಅಲ್ಲೇ ನಿಂತಿದ್ದೆ. ರಾಮಲಿಂಗಪ್ಪ ಮತ್ತೆ ಕುಣಿಗೆ ಇಳಿದು ಲಾಳಿ ಕೈಗೆತ್ತಿಕೊಂಡ. ನನಗೆ ಕೂರು ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ.