ಸಾಹೇಬರ ಕೋಲಿಗೆ ಸುತ್ತಿದ ದಾರ

ಗಾಜಿನ ಚೂರಿನಿಂದ ಹಳೆಯ ವಾರ್ನಿಷ್ ಹೆರೆಯುತ್ತಿದ್ದ ನೀಲಕ್ಕ ಗಾಲ್ಫ್ ಕೋಲಿನ ಮರದ ತಲೆಯ ಮುಂಭಾಗಕ್ಕೆ ಬಂದಾಗ ಕೈ ಹಗುರ ಮಾಡಿದಳು. ಅಲ್ಲಿ ಸಾಲಾಗಿ ಸಣ್ಣ ಗೆರೆಗಳಿದ್ದವು. ಚೆಂಡು ತಾಗುವ ಜಾಗ ಅದು, ಗೆರೆ ಸವೆಸಬೇಡ ಎಂದು ಅಣ್ಣ ಹೇಳಿದ್ದ. ಅವನು ಹೇಳಿಕೊಟ್ಟದ್ದು ಅಷ್ಟೇ. ಮರಳು ಕಾಗದ ಎಷ್ಟು ಉಜ್ಜಬೇಕು, ಅರಗಿನ ಪಾಲಿಶನ್ನು ಅರಳೆಯುಂಡೆಯಿಂದ ಎಷ್ಟು ಸಲ ಸವರಬೇಕು, ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವೆ ಎಷ್ಟು ಹೊತ್ತು ಕಾಯಬೇಕು, ಎಲ್ಲವನ್ನೂ ಅವಳೇ ಕಂಡುಕೊಂಡಿದ್ದಳು.

ಅಣ್ಣ ಮುರುಗೇಶಪ್ಪ ದಿನಾ ಬೆಳಗಿನ ರೈಲಿಗೆ ದಾವಣಗೆರೆಯಿಂದ ಹರಿಹರದ ಕಾರ್ಖಾನೆಗೆ ಹೋಗುತ್ತಿದ್ದ. ಅಲ್ಲಿಯ ದೊಡ್ಡ ಸಾಹೇಬರು ಭಾನುವಾರ ಹೊಳೆದಂಡೆಯ ಬಯಲಿನಲ್ಲಿ ಗುಂಡಿ ತೋಡಿಸಿ ಗಾಲ್ಫ್ ಆಡುವವರು. ಎರಡು ವರ್ಷದ ಹಿಂದೆ ಅವರ ಒಂದು ಕೋಲಿನ ಕತ್ತಿಗೆ, ಮರವೂ ಉಕ್ಕೂ ಕೂಡುವಲ್ಲಿ ಸುತ್ತಿದ್ದ ದಾರ ಬಿಚ್ಚಿಹೋಗಿತ್ತು. ನಾನೇ ಸರಿಮಾಡಿ ತರುತ್ತೇನೆಂದು ಅಣ್ಣ ಮನೆಗೆ ತಂದ. ನೀಲಕ್ಕ ಅದಕ್ಕೆ ಮೇಣ ತೀಡಿದ ಕರಿ ದಾರ ಸುತ್ತಿ, ತುದಿಯನ್ನು ಸುತ್ತಿನ ಒಳಗೇ ಎಳೆದು ಕತ್ತರಿಸಿದಳು. ಗಂಟು ಎಲ್ಲಿದೆಯೆಂದು ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಪಟವೇಗಾರರ ಕೈ. ಒಡವೆ ಪೋಣಿಸುವುದು, ತಾಳಿಗೆ ದಾರ ಕಟ್ಟುವುದು ಅವರ ಮನೆತನದ ಕಸುಬು. ಮುರುಗೇಶಪ್ಪ ಆ ಕಸುಬಿಗೆ ಕೂರಲಿಲ್ಲ. ತವರಿನಲ್ಲಿ ಅಪ್ಪನ ಪಕ್ಕ ಕೂತು ಕಲಿತವಳು, ಆಮೇಲೆ ಗಂಡನ ಅಂಗಡಿಯ ಅರ್ಧ ಕೆಲಸ ಮಾಡಿದವಳು ನೀಲಕ್ಕ.

ಅದಕ್ಕೂ ಎಷ್ಟೋ ವರ್ಷ ಮೊದಲು, ಗಂಡ ಸತ್ತ ಹನ್ನೊಂದನೆಯ ದಿನ, ಅವಳು ಅರ್ಧ ಪೋಣಿಸಿಟ್ಟಿದ್ದ ಕರಿಮಣಿಯನ್ನು ಒಬ್ಬ ಹೆಂಗಸು ಬಂದು ವಾಪಸು ಒಯ್ದಳು. ಸೆರಗಿನಲ್ಲಿ ಹಾಕಿಕೊಂಡು ಹೋದಳು. ಆಮೇಲೆ ಯಾರೂ ಬರಲಿಲ್ಲ. ನೀಲಕ್ಕ ಅಣ್ಣನ ಮನೆಯ ಹಿತ್ತಲ ಕೋಣೆಗೆ ಬಂದಳು.

ಸಾಹೇಬರನ್ನು ಅವಳು ಕಂಡವಳಲ್ಲ. ಆದರೆ ಹಿಡಿಯ ತೊಗಲು ಎಲ್ಲಿ ಸವೆದಿದೆ ಎಂದು ನೋಡಿಯೇ, ಅವರ ಎಡಗೈಯ ಕಿರುಬೆರಳು ಮಡಚುವುದಿಲ್ಲ ಎಂದು ತಿಳಿದಿದ್ದಳು. ಅಷ್ಟು ಜಾಗದಲ್ಲಿ ತೊಗಲಿನ ಕೆಳಗೆ ಬಟ್ಟೆಯ ಪಟ್ಟಿ ಸುತ್ತಿ ಹಿಡಿಯನ್ನು ದಪ್ಪ ಮಾಡಿದಳು. ಸಾಹೇಬರಿಗೆ ಆಶ್ಚರ್ಯವಾಯಿತಂತೆ. ನನ್ನ ಬೆರಳಿನ ನೋವು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರಂತೆ. ಅಣ್ಣ ಸುಮ್ಮನೆ ನಕ್ಕನಂತೆ. ಇದನ್ನು ಅವನೇ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ, ನೀಲಕ್ಕ ಬಡಿಸುತ್ತಿದ್ದಾಗ. ಆ ವರ್ಷವೇ ಅವನು ಮೇಸ್ತ್ರಿಯಾದ.

ಈ ಸಲ ನಾಲ್ಕು ಕೋಲು ಬಂದಿದ್ದವು. ಜೊತೆಗೆ ಮನೆಯಲ್ಲಿ ಅಣ್ಣನ ಮಗಳು ಸುಂಕಲಿಯ ಮದುವೆ. ತವರಿನಿಂದ ಹಾಕುವ ತಾಳಿಯ ಕರಿಮಣಿ ಸರವನ್ನು ಅತ್ತಿಗೆ ದ್ಯಾಮವ್ವ ಪೇಟೆಯ ಜಂಬಯ್ಯನಿಗೆ ಪೋಣಿಸಲು ಕೊಟ್ಟಿದ್ದಳು. ಜಂಬಯ್ಯನಿಗೆ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು. ಅದು ಎಲ್ಲರಿಗೂ ಗೊತ್ತು. ಆದರೂ ನೀಲಕ್ಕನನ್ನು ಯಾರೂ ಕೇಳಲಿಲ್ಲ. ಕೇಳಲಿ ಎಂದು ಅವಳೂ ಕಾಯಲಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ದ್ಯಾಮವ್ವ ಹಿತ್ತಲ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಸೆರಗು ಬಿಚ್ಚಿದಳು. ತಾಳಿ ಒಂದು ಕಡೆ, ಮಣಿ ಒಂದು ಕಡೆ. ಎತ್ತಿ ನೋಡುವಾಗ ದಾರ ಜಾರಿ ಬಿಚ್ಚಿಕೊಂಡಿತ್ತು. ಜಂಬಯ್ಯ ಇನ್ನೊಂದು ಮದುವೆಗೆಂದು ಮಲೆಬೆನ್ನೂರಿಗೆ ಹೋಗಿದ್ದ. ತಾಳಿ ಬಿಚ್ಚಿತೆಂದು ಬೀಗರ ಕಿವಿಗೆ ಬಿದ್ದರೆ ಏನಾಗುತ್ತದೆಂದು ದ್ಯಾಮವ್ವನ ಮುಖವೇ ಹೇಳುತ್ತಿತ್ತು.

"ತಾಳಿ ಅನ್ಕಾಬ್ಯಾಡ ನೀಲಕ್ಕ. ಸಾಹೇಬ್ರ ಕೋಲಿಗೆ ಸುತ್ತಾಕ ಹತ್ತೀನಿ ಅನ್ಕೊ."

"ಕೋಲಿಗೆ ಸುತ್ತೋವಾಗ ಬಾಗ್ಲು ಹಾಕ್ಕಣಲ್ಲ ಅತ್ತಿಗೆ."

ದ್ಯಾಮವ್ವ ಎದುರಿಗೆ ಕೂತಳು. ಮಣಿ ತಾನೇ ಪೋಣಿಸುತ್ತೇನೆ, ಬಂಗಾರ ತಾನೇ ಹಿಡಿದುಕೊಳ್ಳುತ್ತೇನೆ, ನೀಲಕ್ಕ ದಾರ ಮಾತ್ರ ಮುಟ್ಟಿದರೆ ಸಾಕು ಎಂದಳು. ನೀಲಕ್ಕ ಒಪ್ಪಿದಳು. ಸುಂಕಲಿ ಅವಳ ತೊಡೆಯ ಮೇಲೆ ಬೆಳೆದ ಹುಡುಗಿ.

ಪಟವೇಗಾರರು ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿಯುತ್ತಾರೆ. ತಾಳಿಯಾದರೂ ಅಷ್ಟೇ, ಜಂಬಯ್ಯನೂ ಹಾಗೇ ಮಾಡುವುದು. ನೀಲಕ್ಕ ಅಭ್ಯಾಸದಂತೆ ಕಾಲು ಮುಂದೆ ಚಾಚಿದಳು. ದ್ಯಾಮವ್ವ ದಾರವನ್ನು ಸರಕ್ಕನೆ ಎಳೆದುಕೊಂಡಳು.

"ನಿನ್ ಕಾಲಿಗೆ ಬ್ಯಾಡ."

ಸುತ್ತ ನೋಡಿ, ಪಾಲಿಶ್ ಒಣಗಿದ್ದ ಒಂದು ಗಾಲ್ಫ್ ಕೋಲನ್ನು ಅವಳೇ ತಂದಳು. ಅದರ ಹಿಡಿಯನ್ನು ಮದುವೆಯ ಅಕ್ಕಿಮೂಟೆಯ ಕೆಳಗೆ ತುರುಕಿ, ಅದರ ಕತ್ತಿಗೆ ದಾರ ಸಿಕ್ಕಿಸಿದಳು. ಊರಿನ ಧೂಳಿನಲ್ಲಿ, ಸಗಣಿಯಲ್ಲಿ ಉರುಳಿದ ಚೆಂಡನ್ನು ಹೊಡೆಯುವ ಕೋಲಾದರೂ ನಡೆಯುತ್ತಿತ್ತು. ನೀಲಕ್ಕ ಕೋಲಿಗೆ ಎದುರಾಗಿ ಕೂತು ಸುತ್ತಿದಳು, ತುದಿ ಒಳಗೆಳೆದಳು, ಹಲ್ಲಿನಿಂದ ಕಡಿಯಲು ಹೋಗಿ, ತಾಳಿಯ ದಾರವೆಂದು ನೆನಪಾಗಿ ಕತ್ತರಿ ತೆಗೆದುಕೊಂಡಳು. ದ್ಯಾಮವ್ವ ಸರವನ್ನು ಎತ್ತಿಕೊಂಡು ಹೋಗಿ ದೇವರ ಮುಂದಿಟ್ಟು ನೀರು ಚಿಮುಕಿಸಿದ್ದು ಹಿತ್ತಲ ಬಾಗಿಲಿನಿಂದಲೂ ಕಂಡಿತು.

ಮದುವೆ ಚೆನ್ನಾಗಿಯೇ ಆಯಿತು. ನೀಲಕ್ಕ ಅಡಿಗೆಯವರ ಹಿಂದೆ ತರಕಾರಿ ಹೆಚ್ಚುತ್ತ ಕೂತಿದ್ದಳು.

ಎಂಟು ದಿನದ ಮೇಲೆ ಸುಂಕಲಿ ಗಂಡನೊಂದಿಗೆ ತವರಿಗೆ ಬಂದಳು. ನೀಲಕ್ಕ ಕೊನೆಯ ಕೋಲಿಗೆ ದಾರ ಸುತ್ತುತ್ತಿದ್ದಳು. ಹುಡುಗಿ ಪಕ್ಕದಲ್ಲಿ ಕೂತು ಕರಿಮಣಿಯನ್ನು ಕುತ್ತಿಗೆಯಿಂದ ಮುಂದಕ್ಕೆ ಎಳೆದು ತೋರಿಸಿದಳು.

"ನೋಡತ್ತಿ, ಗಂಡನ ಮನ್ಯಾಗೆ ಎಲ್ರೂ ಕೇಳಿದ್ರು, ಯಾರು ಕಟ್ಟಿದ್ದು ಅಂತ. ಒಂದ್ ಗಂಟೂ ಕಾಣಂಗಿಲ್ಲ. ಜಂಬಯ್ಯಜ್ಜಂಗೆ ಕೈ ನಡುಗ್ತಾವ ಅಂತಿದ್ರಲ್ಲ, ಸುಳ್ಳು."

ನೀಲಕ್ಕ ಸುತ್ತುತ್ತಿದ್ದ ದಾರದ ಕಡೆಗೇ ನೋಡಿದಳು. ಅದೇ ಸುತ್ತು, ಅದೇ ಬಿಗಿ. ಹುಡುಗಿಯ ಕಣ್ಣೆದುರೇ ಇತ್ತು. ಅವಳಿಗೆ ಕಾಣಲಿಲ್ಲ.

"ಚೊಲೋ ಕಟ್ಯಾನ," ಎಂದಳು ನೀಲಕ್ಕ.

ಹೇಳಿದ್ದರೆ ಹುಡುಗಿಯ ಕೈ ಆ ಸರದಿಂದ ಹಿಂದೆ ಸರಿಯುತ್ತಿತ್ತು. ಅವಳಿಗೆ ಸೋದರತ್ತೆಯ ಮೇಲೆ ಪ್ರೀತಿಯಿಲ್ಲವೆಂದಲ್ಲ. ಮುಂದೆ ಗಂಡನಿಗೆ ಒಂದು ಜ್ವರ ಬಂದರೂ ನೀಲಕ್ಕನ ಕೈ ನೆನಪಾಗುತ್ತಿತ್ತು, ಅಷ್ಟೇ. ಆ ಒಂದು ಸರದ ಮಾತನ್ನು ಸಾಯುವತನಕ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ಅದು ನೀಲಕ್ಕನಿಗೆ ಅರ್ಥವಾಯಿತು. ಆದರೆ ಕೋಲಿಗೆ ಗಂಡನಿಲ್ಲ. ಕೋಲು ಯಾರ ಕೈಯಿಂದಲೂ ಕೆಡುವುದಿಲ್ಲ. ಹಾಗಿದ್ದರೆ ಅದರ ಮಾತನ್ನೂ ಇಷ್ಟು ದಿನ ಯಾಕೆ ಇಟ್ಟುಕೊಂಡೆ?

ಬರುವ ಸೋಮವಾರ ಅಣ್ಣನಿಗೆ ರಜೆ. ಬೆಳಗಿನ ರೈಲಿನಲ್ಲಿ ಅವನಿರುವುದಿಲ್ಲ. ನಾಲ್ಕು ಕೋಲು ಹಳೆಯ ಸೀರೆಯಲ್ಲಿ ಕಟ್ಟಿದರೆ ಒಂದು ಹೊರೆ. ಹರಿಹರದಲ್ಲಿ ಇಳಿದು ಸಾಹೇಬರ ಬಂಗಲೆ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ದಾರದ ಉಂಡೆಯನ್ನೂ ಒಯ್ಯಬೇಕು. ನಂಬದಿದ್ದರೆ ಅವರ ಪಡಸಾಲೆಯಲ್ಲೇ ಕೂತು, ಕಾಲು ಚಾಚಿ, ಅವರ ಎದುರಿಗೇ ಸುತ್ತಿ ತೋರಿಸಬೇಕು. ಅಣ್ಣನ ಮೇಸ್ತ್ರಿಕೆ ಏನಾಗುತ್ತದೋ, ಈ ಕೋಣೆಯ ಬಾಗಿಲು ತನಗೆ ತೆರೆದಿರುತ್ತದೋ ಇಲ್ಲವೋ, ಅದನ್ನೂ ಒಮ್ಮೆ ಯೋಚಿಸಿದಳು. ಯೋಚಿಸಿದ ಮೇಲೂ ಮನಸ್ಸು ಬದಲಾಗಲಿಲ್ಲ.

ಅಡಿಗೆಮನೆಯಿಂದ ದ್ಯಾಮವ್ವ ಕೂಗಿ, ಕೋಲು ಯಾವಾಗ ಮುಗಿಯುತ್ತವೆ, ನಿಮ್ಮಣ್ಣ ಕೇಳುತ್ತಿದ್ದರು ಎಂದಳು.

"ಮಂಗಳವಾರ," ಎಂದಳು ನೀಲಕ್ಕ, ದಾರದ ತುದಿಯನ್ನು ಒಳಗೆಳೆಯುತ್ತ.