ಎಡಗಿವಿಯಲ್ಲಿ ಕರೆದವಳು

ಮೂಗು ಇರುವವರೆಗೆ ನೆಗಡಿ ತಪ್ಪಿದ್ದಲ್ಲ. ಕೇಣಿ ಊರಿನ ಸುನೀಲನಿಗೂ ನೆಗಡಿ ಬಂತು. ಅದರಲ್ಲೇನು ವಿಶೇಷ ಎನ್ನಬೇಡಿ. ಸುನೀಲನ ಕೆಲಸ ಕಡಲೊಳಗೆ. ಕಾರವಾರಕ್ಕೆ ಬಂದ ಪ್ರವಾಸಿಗರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ನೀರಿನಡಿ ಮೀನು ತೋರಿಸಿ ತರುವ ಸ್ಕೂಬಾ ಕೆಲಸ.

"ಮೂಗು ಕಟ್ಟಿಕಂಡದೆ, ಇವತ್ತು ಇಳೀಬೇಡ್ವೋ," ಎಂದಳು ತಾಯಿ ನಾಗಿ.

ದೊಡ್ಡಪ್ಪ ಶನಿಯಾರ ನಕ್ಕುಬಿಟ್ಟ. "ಉಪ್ಪುನೀರು ಮೂಗಿಗೆ ಹೊಕ್ಕರೆ ಶೀತ ತೊಳಕಂಡು ಹೋಗ್ತದೆ. ನಾವೆಲ್ಲ ಹಂಗೇ ಮಾಡ್ದವರು. ನೀರಿಗಿಳದವಗೆ ಚಳಿ ಏನು, ಮಳೆ ಏನು?"

ಶನಿಯಾರನ ಮಾತಿಗೆ ಮನೆಯಲ್ಲಿ ತೂಕ. ಬಂಡೆಗೆ ಸಿಕ್ಕಿದ ಬಲೆ ಬಿಡಿಸಲು ಉಸಿರು ಕಟ್ಟಿ ನಾಲ್ಕು ಮಾರು ಆಳಕ್ಕೆ ಇಳಿಯುತ್ತಿದ್ದವನು ಅವನು. ಇಪ್ಪತ್ತು ವರ್ಷದ ಹಿಂದೆ ಹಾಗೆ ಇಳಿದಾಗಲೇ ಅವನ ಎಡಗಿವಿ ಹೋಯಿತು. ಹೋದದ್ದಲ್ಲ, ಅಲ್ಲಿ ಕಡಲಿನವಳು ಕೂತಿದ್ದಾಳೆ ಎನ್ನುತ್ತಿದ್ದ. ಬಲಗಿವಿ ದಿಂಬಿಗೆ ಒತ್ತಿ ಮಲಗಿದರೆ ಅವಳ ಗುನುಗು ಒಂದೇ ಕೇಳುತ್ತದಂತೆ. ಕೂತಲ್ಲೇ ಅವನು ಒಮ್ಮೊಮ್ಮೆ "ಹೂಂ, ಬಂದೆ" ಎಂದು ಯಾರಿಗೋ ಓಗೊಡುವಾಗ ಮನೆಯವರ ಮೈ ಜುಮ್ಮೆನ್ನುತ್ತಿತ್ತು.

ಸುನೀಲ ನೆಗಡಿಯ ಗುಳಿಗೆ ನುಂಗಿ ಹೊರಟ. ಪ್ರವಾಸಿಗರು ಬರುವ ಮೊದಲು ಜಾಗ ನೋಡಿಕೊಳ್ಳಲು ಅವನೂ ಜೊತೆಗಾರ ವಿಕಾಸನೂ ನೀರಿಗಿಳಿದರು.

ಮೂರು ಮಾರು ಇಳಿಯುವಷ್ಟರಲ್ಲಿ ಎಡಗಿವಿಗೆ ಮೊಳೆ ಹೊಡೆದಂತೆ ನೋವು. ಕಿವಿಯ ಬಿಗಿ ಬಿಡಿಸಲು ಮೂಗು ಹಿಡಿದು ಗಾಳಿ ಊದಿದ. ಬಲಗಿವಿಯದು ಬಿಟ್ಟಿತು, ಎಡಗಿವಿಯದು ಬಿಡಲಿಲ್ಲ. ಇನ್ನೂ ಜೋರಾಗಿ ಊದಿದ. ಪಟ್ ಎಂದಿತು. ಕಿವಿಯೊಳಗೆ ತಣ್ಣಗೆ ಏನೋ ಹರಿಯಿತು.

ಆಮೇಲೆ ಕಡಲೇ ತಿರುಗಿತು. ಕೆಳಗಿದ್ದ ಮರಳು ಗೋಡೆಯಾಗಿ ಎದ್ದು ನಿಂತಿತು. ಅವನ ಬಾಯಿಂದ ಹೊರಟ ಗುಳ್ಳೆಗಳು ಮೇಲೆ ಹೋಗದೆ ಕೆಳಕ್ಕೆ, ಕತ್ತಲೆಗೆ ಇಳಿಯುವಂತೆ ಕಂಡವು. ಎಡಗಿವಿಯಲ್ಲಿ ಯಾರೋ ಹೆಂಗಸು ಗುನುಗುತ್ತಿದ್ದಳು. ದೊಡ್ಡಪ್ಪನನ್ನು ಕರೆಯುವವಳು ಇವಳೇ ಎಂದು ಸುನೀಲನಿಗೆ ಗುರುತು ಹತ್ತಿತು. ಮೇಲೆ ಹೋಗುತ್ತಿದ್ದೇನೆ ಎಂದುಕೊಂಡು ಆಳದ ಕಡೆಗೇ ಕಾಲು ಬಡಿದ.

ವಿಕಾಸ ಅವನ ಜಾಕೆಟ್ ಹಿಡಿದು ನಿಧಾನಕ್ಕೆ ಮೇಲೆ ತರದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮನೆಗೆ ಬಂದ ಸುನೀಲ ಗೋಡೆ ಹಿಡಿದು ನಡೆಯುತ್ತಿದ್ದ. ಕಿವಿಯಿಂದ ರಕ್ತದ ಗೆರೆ ಇಳಿದಿತ್ತು. ಒಳಗೆ ಯಾರೋ ಹೆಂಗಸು ಗುನುಗುತ್ತಾಳೆ ಎಂದ.

"ಅವ್ಳು ಇವ್ನನ್ನೂ ಹಿಡ್ದಳು," ಎಂದು ಶನಿಯಾರ ಬೆಳ್ಳುಳ್ಳಿ ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿದ. ನಾಗಿ ಕಡಲಿಗೆ ಒಪ್ಪಿಸಲು ತೆಂಗಿನಕಾಯಿ ತೆಗೆದಳು. ಎಣ್ಣೆಯ ಚಮಚ ಕಿವಿಯ ಹತ್ತಿರ ಬರುವಾಗಲೇ ವಿಕಾಸನಿಂದ ಸುದ್ದಿ ತಿಳಿದ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಗಾಯತ್ರಿ ಒಳಗೆ ಬಂದಳು.

"ಬೇಡ ಮಾವ, ಬೇಡ! ಒಡೆದ ಕಿವಿಗೆ ಎಣ್ಣೆ ಹೋದ್ರೆ ಕೀವಾಗ್ತದೆ."

"ಇದು ಮದ್ದಿನ ಕಾಯಿಲೆ ಅಲ್ಲ ಗಾಯತ್ರಿ. ಅವ್ಳು ಕರದದ್ದು."

"ಯಾರೂ ಕರೀಲಿಲ್ಲ. ಮೂಗಿನ ಹಿಂದಿಂದ ಕಿವಿಗೆ ಒಂದು ಸಣ್ಣ ದಾರಿ ಅದೆ. ಅದ್ರಲ್ಲಿ ಗಾಳಿ ಆಡಿದ್ರೆ ಮಾತ್ರ ಕಿವಿ ಆಳದ ಒತ್ತಡ ತಡಕೊಳ್ತದೆ. ಶೀತಕ್ಕೆ ಆ ದಾರಿ ಕಟ್ಟಿತ್ತು, ಕಿವಿಯೊಳಗಿನ ತಮಟೆ ಒಡೀತು. ತಣ್ಣೀರು ಒಳಗೆ ಹೊಕ್ಕು ತಲೆ ತಿರುಗಿ, ಮೇಲೆ ಯಾವ್ದು ಕೆಳಗೆ ಯಾವ್ದು ಗೊತ್ತಾಗ್ಲಿಲ್ಲ. ಗುನುಗೂದು ಪೆಟ್ಟಾದ ಕಿವಿಯೇ."

"ಗುಳಿಗೆ ತಕಂಡಿದ್ದೆ ಗಾಯತ್ರಕ್ಕ," ಎಂದ ಸುನೀಲ.

"ಅದ್ರ ಗುಣ ನೀರಿನಡಿಗೇ ಮುಗದ್ರೆ? ಇಳಿಯೂವಾಗ ಬಿಟ್ಟ ದಾರಿ ಹತ್ತೂವಾಗ ಕಟ್ತದೆ. ಅದೂ ಅಪಾಯವೇ."

ಶನಿಯಾರ ಚಮಚ ಕೆಳಗಿಟ್ಟ. "ನಾ ಇಳದ ದಿವ್ಸನೂ ನಂಗೆ ಶೀತ ಇತ್ತು," ಎಂದ. ಎಡಗಿವಿ ಮುಟ್ಟಿ ನೋಡಿಕೊಂಡು ಕೇಳಿದ, "ಹಂಗಾರೆ ಇಪ್ಪತ್ತು ವರ್ಷ ನಾ ಹೂಂ ಅಂದದ್ದು ಯಾರಿಗೆ?"

ಗಾಯತ್ರಿ ಸುನೀಲನ ತೋಳು ಹಿಡಿದು ಎಬ್ಬಿಸಿದಳು. "ಇವತ್ತೇ ಆಸ್ಪತ್ರೆಗೆ ಹೊರಡ್ವ, ನೀವೂ ಬನ್ನಿ ಮಾವ," ಎಂದಳು. "ಕಿವಿ ವಿಷಯದಲ್ಲಿ ನಾಳೆ ಅನ್ನೂಕಾಗೂದಿಲ್ಲ."

ಕಿವಿ ಡಾಕ್ಟರು ಇಬ್ಬರನ್ನೂ ನೋಡಿದರು. ಸುನೀಲನ ತಮಟೆ ಕೂಡಿಕೊಳ್ಳುತ್ತದೆ, ಆದರೆ ತಾನು ಹೇಳುವವರೆಗೆ ನೀರಿಗಿಳಿಯಬಾರದು ಎಂದರು. ಶನಿಯಾರನಿಗೆ ಮಾತ್ರ, "ಅವತ್ತೇ ಬರಬೇಕಿತ್ತು" ಎಂದರು.

ಈಗ ಸುನೀಲ ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಹೊರಡುವಾಗ ಶನಿಯಾರ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. "ಎರಡೂ ಹೊಳ್ಳೆಯಿಂದ ಉಸಿರು ಬಿಟ್ಟು ತೋರ್ಸು ನೋಡ್ವ." ಮೂಗು ಕಟ್ಟಿದ್ದರೆ ಅಂದು ರಜೆ. ಮುದುಕನ ಎಡಗಿವಿಯಲ್ಲಿ ಅವಳು ಇನ್ನೂ ಗುನುಗುತ್ತಾಳೆ. ಅವನು ಮಾತ್ರ ಓಗೊಡುವುದಿಲ್ಲ.

ಕಡಲಿಗಿಳಿಯುವ ಅಣ್ಣಂದಿರೇ, ಅಕ್ಕಂದಿರೇ, ಶೀತವಿದ್ದ ದಿನ ದಂಡೆಯಲ್ಲೇ ಇರಿ. ಕಿವಿಯ ಬಿಗಿ ಬಿಡದಿದ್ದರೆ ಜೋರಾಗಿ ಊದಬೇಡಿ. ಜೊತೆಗಾರರಿಗೆ ಸನ್ನೆ ಮಾಡಿ, ಉಸಿರು ಕಟ್ಟದೆ ನಿಧಾನಕ್ಕೆ ಮೇಲೆ ಬನ್ನಿ. ನೋವು, ತಲೆಸುತ್ತು, ರಕ್ತ ಕಂಡರೆ ಕಿವಿಗೆ ಏನನ್ನೂ ಹಾಕದೆ ಅಂದೇ ಡಾಕ್ಟರಲ್ಲಿಗೆ ಹೋಗಿ. ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ. ಹೋದ ಕಿವಿ ತಿರುಗಿ ಬರುವುದಿಲ್ಲ. ಬೇಕಿದ್ದರೆ ಕೇಣಿಗೆ ಬಂದು ಶನಿಯಾರನನ್ನು ಕೇಳಿ, ಅವನ ಬಲಗಡೆ ನಿಂತು.